ಚಿತ್ರದಲ್ಲಿ ಎಲ್ಲವೂ ಇದೆಯಲ್ಲ, ಮತ್ತೆ ನಿಮಗೇನು ಕೆಲಸ?

ಪ್ರಶ್ನೆ: ವೆಬ್‌ಸೈಟಿನ ಪುಟ ಹೇಗಿರಬೇಕೆಂದು ಡಿಸೈನರ್ ಪೂರ್ತಿ ಬಿಡಿಸಿ ಕೊಡುತ್ತಾರೆ, ಮಾಹಿತಿ ಸರ್ವರ್‌ನಿಂದ ಬರುತ್ತದೆ. ನಡುವೆ ಫ್ರಂಟ್‌ಎಂಡ್ ಡೆವಲಪರ್ ಮಾಡುವುದಾದರೂ ಏನು?

ನಮ್ಮ ಮನೆಯಲ್ಲೂ ಇದನ್ನೇ ಕೇಳುತ್ತಾರೆ. ಒಂದು ಬಟನ್ನಿನ ಕಥೆ ಹೇಳುತ್ತೇನೆ.

ಡಿಸೈನಿನಲ್ಲಿ ಇಂಗ್ಲಿಷಿನ ‘ರಿಜಿಸ್ಟರ್’ ಬಟನ್ ಇತ್ತು. ಅಗಲ 120 ಪಿಕ್ಸೆಲ್. ಅದರಿಂದ ಹೊರಗೆ ಚೆಲ್ಲಿದ ಅಕ್ಷರ ಕಾಣಬಾರದು ಎಂಬ ಸೂಚನೆ. ಅಳತೆ ತಪ್ಪದೆ ಕಟ್ಟಿದೆ. ಕನ್ನಡ ಆವೃತ್ತಿಯಲ್ಲಿ ಅದೇ ಜಾಗಕ್ಕೆ ‘ನೋಂದಾಯಿಸಿಕೊಳ್ಳಿ’ ಬಂದು ಕುಳಿತಿತು. ಕೊನೆಯ ‘ಳ್ಳಿ’ ಅಂಚಿನಲ್ಲಿ ಕತ್ತರಿಸಿ ಹೋಗಿ, ‘ನೋಂದಾಯಿಸಿಕೊ’ ಎಂದು ಬಳಕೆದಾರರನ್ನು ಏಕವಚನದಲ್ಲಿ ಗದರಿಸತೊಡಗಿತು! ಅಗಲ ಹೆಚ್ಚಿಸಿದೆ. ‘ಳ್ಳಿ’ ಮರಳಿತು, ಆದರೆ ಒತ್ತು ಅರ್ಧ ಮಾಯ. ಸಾಲಿನ ಎತ್ತರ ಅಕ್ಷರದ ಗಾತ್ರದಷ್ಟೇ ಇತ್ತು. ಇಂಗ್ಲಿಷಿಗೆ ಅದು ಹೇಗೋ ಸಾಕಾಗುತ್ತದೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇನ್ನೊಂದು ಮನೆ ಕಟ್ಟಿಕೊಂಡಿರುತ್ತದೆ. ಕೊನೆಗೆ ನಿಗದಿತ ಅಗಲವನ್ನೇ ತೆಗೆದು, ಅಕ್ಷರಗಳ ಸುತ್ತ ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟು, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟು ಮಾಡಿದೆ. ಪುಟದ ತೋರಿಕೆ ನಿರ್ಧರಿಸುವ ಸಿಎಸ್ಎಸ್‌ನಲ್ಲಿ ಮೂರೇ ಸಾಲಿನ ಬದಲಾವಣೆ, ಹೋದದ್ದು ಅರ್ಧ ದಿನ.

ಇಷ್ಟಾದರೂ ಅದು ಬರೀ ತೋರಿಕೆ. ನೆಟ್‌ವರ್ಕ್ ನಿಧಾನವಿದ್ದರೆ ಜನ ಮತ್ತೆ ಮತ್ತೆ ಒತ್ತುತ್ತಾರೆ, ಒಬ್ಬರದೇ ಅರ್ಜಿ ಮೂರು ಸಲ ಹೋಗಬಾರದು. ಮೌಸ್ ಇಲ್ಲದವರು ಕೀಬೋರ್ಡಿನಿಂದಲೇ ಅಲ್ಲಿಗೆ ತಲುಪಬೇಕು. ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಜವಾದ ಬಟನ್ ಬಳಸಿದರೆ ಎಂಟರ್ ಕೀಲಿ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಎರಡಕ್ಕೂ ಅದು ತಾನಾಗಿಯೇ ಸ್ಪಂದಿಸುತ್ತದೆ. ಆದರೂ ಬಣ್ಣ ಬಳಿದ ಖಾಲಿ ಡಬ್ಬಿಯನ್ನು ಬಟನ್ ಎಂದು ನಿಲ್ಲಿಸುವವರು ಇದ್ದಾರೆ. ಅವರ ಕೋಡ್ ತಿದ್ದುವುದೂ ನಮ್ಮ ಸಂಬಳದ ಭಾಗವೇ ಎಂದುಕೊಂಡಿದ್ದೇನೆ.

ಇನ್ನು ಹೆಸರುಗಳ ಫಜೀತಿ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡಕ್ಷರ. ಬ್ರೌಸರಿನ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಕೇಳಿದರೆ 7 ಎನ್ನುತ್ತದೆ: ಲ, ಕ, ಹಲಂತ, ಷ, ಮತ್ತೊಂದು ಹಲಂತ, ಮ, ಕೊನೆಗೆ ಗುಡಿಸು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಇವನ್ನು ಬಿಡಿಬಿಡಿಯಾಗಿಯೇ ಇಡುತ್ತದೆ, ಕೂಡಿಸಿ ತೋರಿಸುವ ಹೊಣೆ ಬ್ರೌಸರ್ ಮತ್ತು ಫಾಂಟಿನದು. ಜಾಗ ಉಳಿಸಲು ಹೆಸರನ್ನು ಮೂರಕ್ಕೆ ಮೊಟಕುಗೊಳಿಸಿದರೆ ಉಳಿಯುವುದು ‘ಲಕ್’. ಡಿಸೈನಿನಲ್ಲಿ ಮಾತ್ರ ಎಲ್ಲರ ಹೆಸರೂ ‘ರವಿ’ ಎಂದೇ ಇರುತ್ತದೆ. ಹಾಗಾಗಿ ಯಾವ ಫಾರಂ ಕೈಗೆ ಬಂದರೂ ನಾನು ಮೊದಲು ತುಂಬುವ ಹೆಸರು ‘ಲಕ್ಷ್ಮೀನಾರಾಯಣಪ್ಪ’.