ಬಾಡಿನ ಸಾರಿಗೆ ತೆಂಗಿನ ಚಿಪ್ಪು ಎಷ್ಟು ಹಾಕಬೇಕು?

ಪ್ರಶ್ನೆ: ಮನೆಯಲ್ಲಿ ಬೀಗರ ಊಟ. ನೂರು ಜನಕ್ಕೆ ಅವರೆಕಾಳು, ಆಲೂಗಡ್ಡೆ ಹಾಕಿದ ಮಟನ್ ಸಾರು ಮಾಡಬೇಕು. ಹತ್ತು ಜನರ ಅಳತೆಯನ್ನು ಹತ್ತುಪಟ್ಟು ಮಾಡಿದರೆ ಸಾಕೇ? ಮಾಂಸ ಬೇಗ ಬೇಯಲು ತೆಂಗಿನ ಚಿಪ್ಪು ಎಷ್ಟು ಹಾಕಬೇಕು?

ಚಿಪ್ಪು ಎಷ್ಟು ಎಂದು ಕೇಳುತ್ತಾರೆಯೇ ಹೊರತು, ಹಾಕಲೇಬೇಕೇ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಮೊದಲು ಲೆಕ್ಕ ಮುಗಿಸೋಣ. ಮೂಳೆ ಸೇರಿದ ಮಾಂಸ 15 ಕಿಲೊ, ರಾತ್ರಿ ನೆನೆಸಿದ ಒಣ ಅವರೆಕಾಳು 3 ಕಿಲೊ, ಆಲೂಗಡ್ಡೆ 5 ಕಿಲೊ. ಇವನ್ನು ತಲೆಲೆಕ್ಕದಲ್ಲಿ ಗುಣಿಸಬಹುದು. ನೀರನ್ನು ಮಾತ್ರ ಗುಣಿಸಬೇಡಿ. ನೀರು ಆವಿಯಾಗುವುದು ಪಾತ್ರೆಯ ಬಾಯಿಂದ. ಹತ್ತುಪಟ್ಟು ಸಾರು ಹಿಡಿಯುವ ಕೊಳಗಕ್ಕೆ ಹತ್ತುಪಟ್ಟು ಬಾಯಿ ಇರುವುದಿಲ್ಲ. ಏಳುಪಟ್ಟಿಗೆ ನಿಲ್ಲಿಸಿ, ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಟುಕೊಳ್ಳಿ. ಉಪ್ಪು, ಖಾರ ನೀರನ್ನು ನೋಡಿಕೊಂಡು ಬೀಳಬೇಕು, ಜನರನ್ನು ನೋಡಿಕೊಂಡಲ್ಲ.

ಇನ್ನು ಚಿಪ್ಪು. ಮಾಂಸ ಗಟ್ಟಿಯಾಗಿರುವುದು ಅದರೊಳಗಿನ ಕೊಲಾಜನ್ ಎಂಬ ನಾರಿನಿಂದ. ಬಿಸಿಯಲ್ಲಿ ಹೊತ್ತು ಕಳೆದಂತೆ ಅದು ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ಆರಿದಾಗ ಗಟ್ಟಿಯಾಗುವುದು ಇದರಿಂದಲೇ. ಇದಕ್ಕೆ ಬೇಕಾದ್ದು ಬಿಸಿ, ನೀರು, ಹೊತ್ತು. ಚಿಪ್ಪು ಏನು ಕೊಡುತ್ತದೆ? ಮೂರು ಗಂಟೆ ಕುದಿಸಿ ಸೌಟಿನಲ್ಲಿ ಎತ್ತಿ ನೋಡಿ, ಹಾಕಿದ ಹಾಗೆಯೇ ಇರುತ್ತದೆ. ನಾನು ಒಂದೇ ಟಗರಿನ ತೊಡೆಯನ್ನು ಎರಡು ತಪ್ಪಲೆಗೆ ಹಂಚಿ, ಒಂದಕ್ಕೆ ಮಾತ್ರ ಚಿಪ್ಪು ಹಾಕಿ ಬೇಯಿಸಿದ್ದೇನೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಸುಕಿದರೆ ಮೂಳೆಯಿಂದ ಮಾಂಸ ಜಾರುವ ಹದಕ್ಕೆ ಎರಡೂ ಒಟ್ಟಿಗೇ ಬಂದವು.

‘ನಮ್ಮಜ್ಜಿ ಹಾಕುತ್ತಿದ್ದರು, ಬೆಣ್ಣೆಯಂತೆ ಬೇಯುತ್ತಿತ್ತು’ ಎನ್ನುತ್ತೀರಿ. ಅಜ್ಜಿ ಕೋಳಿ ಕೂಗುವಾಗ ಒಲೆ ಹಚ್ಚುತ್ತಿದ್ದುದನ್ನು ಯಾಕೆ ಮರೆಯುತ್ತೀರಿ? ಬೇಯಿಸಿದ್ದು ಆ ಹೊತ್ತು, ಹೆಸರು ಬಂದದ್ದು ಚಿಪ್ಪಿಗೆ. ‘ಹಾಗಾದರೆ ಪಪ್ಪಾಯಿಯೂ ಸುಳ್ಳೇ?’ ಅಲ್ಲ. ಪಪ್ಪಾಯಿ ಕಾಯಿಯಲ್ಲಿರುವ ಪಪೇನ್ ಮಾಂಸದ ಪ್ರೋಟೀನನ್ನು ನಿಜವಾಗಿ ಒಡೆಯುತ್ತದೆ. ಆದರೆ ಒಲೆಗೆ ಇಡುವ ಮೊದಲೇ ಸವರಬೇಕು. ಕುದಿಯುವ ಸಾರಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಶಕ್ತಿ ಸಾಯುತ್ತದೆ. ‘ಉರಿ ಜೋರು ಮಾಡಿದರೆ?’ ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ. ಅದರ ಮೇಲೆ ಎಷ್ಟು ಸೌದೆ ತುರುಕಿದರೂ ಹೆಚ್ಚುವುದು ಆವಿ, ಜೊತೆಗೆ ತಳ ಹಿಡಿಯುವ ಭಯ. ಚಿಪ್ಪನ್ನು ಆ ಒಲೆಗೇ ಹಾಕಿ, ಅಲ್ಲಿ ಅದು ಚೆನ್ನಾಗಿ ಉರಿಯುತ್ತದೆ.

ನಿಜವಾಗಿ ಕೈಕೊಡುವುದು ಮಾಂಸವಲ್ಲ, ಕಾಳು. ಹುಣಸೆ, ಟೊಮೆಟೊ ಮೊದಲೇ ಬಿದ್ದರೆ ಹುಳಿಯಲ್ಲಿ ಕಾಳೂ ಆಲೂಗಡ್ಡೆಯೂ ಮೆತ್ತಗಾಗಲು ಒಪ್ಪುವುದಿಲ್ಲ. ಗಡಸು ಬೋರ್‌ವೆಲ್ ನೀರಾದರೆ ಅದರ ಸುಣ್ಣದಂಶವೂ ಕಾಳನ್ನು ಬಿಗಿಹಿಡಿಯುತ್ತದೆ. ಕಾಳನ್ನು ಕುಡಿಯುವ ನೀರಿನಲ್ಲಿ ಬೇರೆ ಬೇಯಿಸಿಕೊಳ್ಳಿ. ಅರಿಸಿನ, ಈರುಳ್ಳಿ ಹಾಕಿ ಬೇಯಿಸಿದ ಮಾಂಸ ಮುಕ್ಕಾಲು ಹದಕ್ಕೆ ಬಂದ ಮೇಲೆ ಕೊಬ್ಬರಿ, ಹುರಿಗಡಲೆ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿಯ ಮಸಾಲೆ, ಆಮೇಲೆ ಆಲೂಗಡ್ಡೆ, ಅದು ಬೆಂದ ಮೇಲೆ ಕಾಳು, ಕೊನೆಗೆ ಹುಳಿ. ಹುರಿಗಡಲೆ ಬಿದ್ದ ಮೇಲೆ ಕೊಳಗದ ಬಳಿಯಿಂದ ಕದಲಬೇಡಿ. ತಳ ಸೀಯುವುದು ಆಗಲೇ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಮರುದಿನದ ಸಾರಿಗೆ ರುಚಿ ಹೆಚ್ಚು, ಒಪ್ಪಿದೆ. ಆದರೆ ಅರ್ಧ ಕೊಳಗ ಉಳಿದ ಸಾರನ್ನು ಮುಚ್ಚಳ ಹಾಕಿ ಅಡುಗೆಮನೆಯ ಮೂಲೆಯಲ್ಲಿ ಬಿಟ್ಟರೆ ಅದು ರಾತ್ರಿಯಿಡೀ ಬೆಚ್ಚಗೇ ಇರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿತಕ್ಕೂ ಸಾಯದೆ, ಆ ಬೆಚ್ಚಗಿನ ಹೊತ್ತಿನಲ್ಲಿ ಮೊಳೆತು ಹೆಚ್ಚುತ್ತವೆ. ಬೆಳಿಗ್ಗೆ ಮೂಸಿ ನೋಡಿ ‘ಕೆಟ್ಟಿಲ್ಲ’ ಎನ್ನಬೇಡಿ, ವಾಸನೆಯಿಂದ ಅದು ತಿಳಿಯುವುದಿಲ್ಲ. ಕೊನೆಯ ಪಂಕ್ತಿ ಎದ್ದ ಕೂಡಲೇ ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ತಿನ್ನುವ ಮುನ್ನ ಕೊತಕೊತ ಕುದಿಸಿ. ಬೀಗರು ದೂರದವರಾದರೆ ಡಬ್ಬಿಗೆ ಸಾರು ತುಂಬಿಸಿ ಕೊಡಬೇಡಿ, ಬಾಳೆಹಣ್ಣು ಕೊಡಿ.