ಗೌನ್ ಕಳಚುವ ಹೊತ್ತು

ಆಸ್ಪತ್ರೆ ಸಿಬ್ಬಂದಿಗೆ ಪಿಪಿಇ, ಅಂದರೆ ಸೋಂಕು ತಗುಲದಂತೆ ತೊಡುವ ರಕ್ಷಣಾ ಉಡುಪಿನ ತರಬೇತಿ ಕೊಡುವಾಗ ಒಂದು ಸರಳ ಪರೀಕ್ಷೆ ಮಾಡುವುದುಂಟು. ಗೌನ್, ಗ್ಲೌಸ್, ಮಾಸ್ಕ್, ಕನ್ನಡಕ ಎಲ್ಲ ತೊಟ್ಟವರ ಮೇಲೆ ಮಾಮೂಲಿ ಬೆಳಕಿಗೆ ಕಾಣದ ದ್ರವವೊಂದನ್ನು ಸವರುತ್ತಾರೆ. ಎಲ್ಲವನ್ನೂ ಕಳಚಿದ ಮೇಲೆ ದೀಪ ಆರಿಸಿ ನೇರಳಾತೀತ ಬೆಳಕು ಹಾಯಿಸುತ್ತಾರೆ. ಮಣಿಕಟ್ಟಿನಲ್ಲೊಂದು ಹೊಳೆಯುವ ಗೆರೆ, ಕುತ್ತಿಗೆಯ ಹತ್ತಿರ ಒಂದು ಚುಕ್ಕೆ, ಕಿವಿಯ ಹಿಂದೆ ಬೆರಳಿನ ಗುರುತು! ಪಳಗಿದವರ ಮೈಮೇಲೂ ಇಂಥ ಕಲೆಗಳು ಸಿಗುತ್ತವೆ.

ರೋಗಿಯ ಪಕ್ಕದಲ್ಲಿದ್ದಾಗ ಮೈಯೆಲ್ಲ ಎಚ್ಚರವಾಗಿರುತ್ತದೆ. ಹೊರಗೆ ಬಂದಾಗ ಬಟ್ಟೆ ಬೆವರಿಗೆ ತೊಯ್ದಿರುತ್ತದೆ, ಕನ್ನಡಕ ಮಂಜಾಗಿರುತ್ತದೆ, ಒಮ್ಮೆ ಮುಖ ಒರೆಸಿಕೊಂಡರೆ ಸಾಕಪ್ಪ ಅನ್ನಿಸುತ್ತಿರುತ್ತದೆ. ಕೈ ತಪ್ಪುವುದು ಆಗಲೇ. ಅದಕ್ಕೇ ಕಳಚುವುದಕ್ಕೊಂದು ಕ್ರಮವಿದೆ. ಹೆಚ್ಚು ಕೊಳೆಯಾದ ಗ್ಲೌಸ್ ಮೊದಲು, ಗೌನನ್ನು ಹೊರಮೈ ಒಳಗಾಗುವಂತೆ ಸುತ್ತಿ, ಮಾಸ್ಕ್ ಎಲ್ಲಕ್ಕಿಂತ ಕೊನೆಗೆ, ಅದೂ ಹಿಂದಿನ ಪಟ್ಟಿ ಹಿಡಿದು. ನಡುನಡುವೆ ಕೈ ಶುಚಿ. ದಣಿದ ತಲೆಗೆ ಈ ಕ್ರಮ ನೆನಪಿರಬೇಕೆಂದು ಬಯಸುವುದು ಅನ್ಯಾಯ. ಎದುರಿಗೆ ಇನ್ನೊಬ್ಬರು ನಿಂತು ಒಂದೊಂದೇ ಹೆಜ್ಜೆ ಓದಿ ಹೇಳಬೇಕು, ಕೈ ಮುಖದತ್ತ ಹೋದರೆ ತಡೆಯಬೇಕು. ಎಬೋಲಾ ಚಿಕಿತ್ಸೆಯಲ್ಲಿ ಇದು ಕಡ್ಡಾಯವೆನ್ನುವಷ್ಟು ರೂಢಿಯಾಯಿತು. ನನ್ನ ಮಟ್ಟಿಗೆ, ಸಿಬ್ಬಂದಿಯ ಸುರಕ್ಷತೆ ಅವರ ಧೈರ್ಯಕ್ಕೆ ಬಿಟ್ಟ ವಿಷಯವೇ ಅಲ್ಲ. ಆಸ್ಪತ್ರೆ ಅವರಿಗೆ ಎಷ್ಟು ಸಮಯ, ಎಷ್ಟು ಜನ, ಎಷ್ಟು ಜಾಗ ಕೊಟ್ಟಿದೆ ಎನ್ನುವುದೇ ಮುಖ್ಯ.

ಕೊರೊನಾ ಜಾತಿಯ ವೈರಸ್‌ನಿಂದ ಬರುವ ಉಸಿರಾಟದ ಕಾಯಿಲೆ ಸಾರ್ಸ್ 2003ರಲ್ಲಿ ಹರಡಿದಾಗ ಜಗತ್ತಿನಾದ್ಯಂತ 8,000ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಅವರಲ್ಲಿ 1,706 ಮಂದಿ ಆರೋಗ್ಯ ಸಿಬ್ಬಂದಿ. ಅಂದರೆ ಐವರಲ್ಲಿ ಒಬ್ಬರು.

ರೋಗದ ಹೆಸರು ಗೊತ್ತಾದ ಮೇಲೆ ಪಿಪಿಇ ಹೊರಬರುತ್ತದೆ. ಅದಕ್ಕೂ ಮುಂಚಿನ ಗಂಟೆಗಳ ಕತೆ ಬೇರೆ. 2015ರ ಮೇ ಕೊನೆಯಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ದೊಡ್ಡ ಆಸ್ಪತ್ರೆಯೊಂದರ ತುರ್ತು ಘಟಕಕ್ಕೆ, ಸಾರ್ಸ್‌ನಂಥದ್ದೇ ಉಸಿರಾಟದ ಕಾಯಿಲೆಯಾದ ಮರ್ಸ್ ಇದ್ದ ರೋಗಿಯೊಬ್ಬರು ಬಂದರು. ಅದು ಮರ್ಸ್ ಎಂದು ಯಾರಿಗೂ ಗೊತ್ತಿರಲಿಲ್ಲ. ಕಿಕ್ಕಿರಿದ ಘಟಕದಲ್ಲಿ ಅವರು ಇದ್ದ ಮೂರು ದಿನಗಳಲ್ಲಿ 82 ಜನರಿಗೆ ಸೋಂಕು ಹರಡಿತು. ಆ 82ರಲ್ಲಿ ಅರ್ಧದಷ್ಟು ಮಂದಿ ರೋಗಿಗಳೂ ಅಲ್ಲ, ಸಿಬ್ಬಂದಿಯೂ ಅಲ್ಲ. ನೋಡಲು, ನೋಡಿಕೊಳ್ಳಲು ಬಂದಿದ್ದವರು. ಹಾಗಾಗಿ ಸಿದ್ಧತೆ ಬಾಗಿಲಲ್ಲೇ ಶುರುವಾಗಬೇಕು. ಜ್ವರ ಇದೆಯೇ, ಕೆಮ್ಮು ಇದೆಯೇ, ಇತ್ತೀಚೆಗೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ, ಅನುಮಾನ ಬಂದರೆ ಮಾಸ್ಕ್ ಕೊಟ್ಟು ಬೇರೆ ಕೂರಿಸಬೇಕು.

ಗಾಳಿಯಲ್ಲಿನ ಸಣ್ಣ ಕಣಗಳನ್ನು ಸೋಸುವ ಎನ್-95 ಮಾಸ್ಕ್ ಬಗ್ಗೆ ಒಂದು ಮಾತು. ಬಟ್ಟೆ ಎಷ್ಟು ಒಳ್ಳೆಯದಾದರೂ ಅಂಚಿನಲ್ಲಿ ಸಂದಿಯಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಅದಕ್ಕೆಂದೇ ತಲೆಯ ಮೇಲೆ ಮುಸುಕು ಹಾಕಿ, ಕಹಿ ದ್ರವದ ತುಂತುರು ಬಿಟ್ಟು ನೋಡುತ್ತಾರೆ. ನಾಲಿಗೆಗೆ ಕಹಿ ತಾಗಿತೋ, ಆ ಮಾಸ್ಕ್ ಆ ಮುಖಕ್ಕೆ ಸರಿಹೊಂದುತ್ತಿಲ್ಲ ಎಂದರ್ಥ.

ಇನ್ನು ಕೋಣೆಯ ಗಾಳಿ. ಗಾಳಿಯಲ್ಲಿ ಹರಡುವ ಸೋಂಕಿನ ಪ್ರತ್ಯೇಕ ಕೋಣೆಯಲ್ಲಿ ಗಂಟೆಗೆ 12 ಸಲ ಗಾಳಿ ಬದಲಾಗಬೇಕು. ಹಾಗಾದರೆ ಐದು ನಿಮಿಷಕ್ಕೆ ಕೋಣೆ ಶುದ್ಧವೇ? ಇಲ್ಲ. ಹೊಸ ಗಾಳಿ ಹಳೆಯದರೊಡನೆ ಬೆರೆಯುತ್ತಲೇ ಹೊರಹೋಗುವುದರಿಂದ ಒಂದು ಸಲದ ಬದಲಾವಣೆಗೆ ಸುಮಾರು 63 ಶೇಕಡಾ ಕಣಗಳಷ್ಟೇ ಹೋಗುತ್ತವೆ. 99 ಶೇಕಡಾ ಹೋಗಲು 23 ನಿಮಿಷ, 99.9 ಶೇಕಡಾ ಹೋಗಲು 35 ನಿಮಿಷ ಬೇಕು. ಗಾಳಿ ಗಂಟೆಗೆ ಎರಡೇ ಸಲ ಬದಲಾಗುವ ಕೋಣೆಯಲ್ಲಿ 99 ಶೇಕಡಾಕ್ಕೇ 138 ನಿಮಿಷ.

ರೋಗಿಯನ್ನು ಬೇರೆಡೆ ಸಾಗಿಸಿದ ಮೇಲೆ ಆ ಕೋಣೆಗೆ ಮೊದಲು ಹೋಗುವವರು ವೈದ್ಯರಲ್ಲ, ಬಕೆಟ್ಟು ಮಾಪು ಹಿಡಿದ ಸ್ವಚ್ಛತಾ ಸಿಬ್ಬಂದಿ. ಹಾಸಿಗೆ ಬೇಗ ಬೇಕೆಂಬ ಅವಸರ ಬೀಳುವುದೂ ಅವರ ಮೇಲೆಯೇ. ಎಷ್ಟು ಗಂಟೆಯವರೆಗೆ ಮಾಸ್ಕ್ ಇಲ್ಲದೆ ಒಳಗೆ ಹೋಗಬಾರದು ಎಂದು ಬರೆದು ಬಾಗಿಲಿಗೆ ಅಂಟಿಸಲು ಒಂದು ಚೀಟಿ, ಒಂದು ಪೆನ್ನು ಸಾಕು.