ಕಡುಬು ‘ಹುಪ್ಪಾ’ ಆಗುವ ಮೀಟಿಂಗು

ಇನ್ನು ಮುಂದೆ ಹುಟ್ಟುವ ಮಕ್ಕಳಿಗೆಲ್ಲ ಎರಡೂ ಕೈಯಲ್ಲಿ ಒಂದೊಂದು ಹೆಬ್ಬೆರಳು ಹೆಚ್ಚಿಗೆ ಇದ್ದರೆ? ಬಳೆ ತೊಡಿಸುವವರ ಪಾಡೇನು? ರೇಷನ್ ಅಂಗಡಿಯಲ್ಲಿ ಯಾವ ಹೆಬ್ಬೆಟ್ಟು ಒತ್ತುವುದು? ಬಳೆ, ರೇಷನ್ನು ನನ್ನ ಸೇರ್ಪಡೆ. ಹೆಬ್ಬೆರಳಿನ ಪ್ರಶ್ನೆ ಮಾತ್ರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ್ದು. 1958ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟೇಲರ್, ಬೆರಿ ಮತ್ತು ಬ್ಲಾಕ್ ಎಂಬ ಮೂವರು ಇಂಥ ಪ್ರಶ್ನೆಗಳನ್ನು 96 ವಿದ್ಯಾರ್ಥಿಗಳ ಮುಂದಿಟ್ಟರು. ಅರ್ಧದಷ್ಟು ಜನ ನಾಲ್ಕು ನಾಲ್ಕು ಮಂದಿಯ 12 ಗುಂಪುಗಳಾಗಿ ಕೂತರು. ಉಳಿದ 48 ಮಂದಿ ಒಬ್ಬೊಬ್ಬರೇ ಕೂತರು. ಒಂಟಿಯಾಗಿದ್ದವರನ್ನು ಆಮೇಲೆ ಕಾಗದದ ಮೇಲಷ್ಟೇ ನಾಲ್ಕು ನಾಲ್ಕಾಗಿ ಜೋಡಿಸಿ, ಇಬ್ಬರಿಗೆ ಹೊಳೆದ ಒಂದೇ ಐಡಿಯಾವನ್ನು ಒಂದೇ ಎಂದು ಲೆಕ್ಕ ಹಿಡಿದರು. ಆದರೂ ಒಬ್ಬರ ಮುಖ ಒಬ್ಬರು ನೋಡದ ಈ ಕಾಗದದ ಗುಂಪುಗಳ ಐಡಿಯಾಗಳು ನಿಜವಾದ ಗುಂಪುಗಳಿಗಿಂತ ಹೆಚ್ಚೂಕಡಿಮೆ ಇಮ್ಮಡಿ!

ಪ್ರಯೋಗ ಆಗಿ ಅರವತ್ತು ವರ್ಷ ದಾಟಿತು. ಈಗಲೂ ಏನಾದರೂ ಸಮಸ್ಯೆ ಬಂದರೆ ನಾವು ಮಾಡುವ ಮೊದಲ ಕೆಲಸ ಎಲ್ಲರನ್ನೂ ಒಂದು ಕೋಣೆಗೆ ತುಂಬಿ, ಚಾರ್ಟ್ ಪೇಪರು ಅಂಟಿಸಿ, ಸ್ಕೆಚ್ ಪೆನ್ ಹಿಡಿದು ‘ಹೇಳಿ, ಹೇಳಿ’ ಅನ್ನುವುದು.

‘ಬ್ರೇನ್‌ಸ್ಟಾರ್ಮಿಂಗ್’ ಎಂಬ ಈ ಪದ್ಧತಿಯನ್ನು ಶುರು ಮಾಡಿದವರು ಅಲೆಕ್ಸ್ ಆಸ್ಬರ್ನ್, ಬಿಬಿಡಿಒ ಎಂಬ ಜಾಹೀರಾತು ಕಂಪನಿಯ ಸ್ಥಾಪಕರಲ್ಲೊಬ್ಬರು. ಟೀಕೆ ಬೇಡ, ಹುಚ್ಚುಚ್ಚಾಗಿದ್ದರೂ ಸರಿ, ಎಷ್ಟು ಬಂದರೆ ಅಷ್ಟು ಒಳ್ಳೆಯದು, ಇನ್ನೊಬ್ಬರ ಮಾತಿಗೆ ಮಾತು ಕೂಡಿಸಿ: ಇವು ಅವರ ನಿಯಮಗಳು. ಒಳ್ಳೆಯವೇ. ಗುಂಪಿನಲ್ಲಿ ಕೂತರೆ ಮನುಷ್ಯನಿಗೆ ಎರಡರಷ್ಟು ಐಡಿಯಾ ಹೊಳೆಯುತ್ತದೆ ಎಂದೂ ಅವರು ಬರೆದರು. ಯೇಲ್‌ನಲ್ಲಿ ತಲೆಕೆಳಗಾದದ್ದು ಆ ಮಾತೇ. ಗುಂಪಿನ ಕಲಾಪ ಒಬ್ಬೊಬ್ಬರೇ ಯೋಚಿಸುವುದಕ್ಕೆ ಪೂರಕವೇ ಹೊರತು ಅದಕ್ಕೆ ಬದಲಿಯಲ್ಲ ಎಂದು ಸ್ವತಃ ಆಸ್ಬರ್ನ್ ಹೇಳಿದ್ದರು. ಆ ಸಾಲನ್ನು ಯಾರೂ ಚಾರ್ಟ್ ಪೇಪರಿನ ಮೇಲೆ ಬರೆಯಲಿಲ್ಲ ಅಷ್ಟೆ.

ಕನ್ನಡದಲ್ಲಿ ಇದಕ್ಕೆ ನಾವು ‘ಮಂಥನ’ ಅಂದುಬಿಟ್ಟೆವು. ಮಂಥನ ಎಂದಕೂಡಲೇ ಒಂದು ಹಗ್ಗ, ಎರಡೂ ಕಡೆ ಜನ, ನಡುವೆ ಮಂದರ ಪರ್ವತ ಕಣ್ಣಿಗೆ ಬರುತ್ತದೆ. ಕೈ ಹೆಚ್ಚಿದಷ್ಟೂ ಬೇಗ ಅಮೃತ! ಹಗ್ಗದ ವಿಷಯಕ್ಕೇ ಬಂದರೆ, ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ 1880ರ ದಶಕದಲ್ಲಿ ಎಳೆಯುವ ಬಲವನ್ನು ಅಳೆದೇಬಿಟ್ಟಿದ್ದ. ಫಲಿತಾಂಶ ಪ್ರಕಟವಾದದ್ದು 1913ರಲ್ಲಿ. ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಬ್ಬನೇ ಎಳೆದಾಗಿನ ಅರ್ಧಕ್ಕೂ ಮುಟ್ಟಲಿಲ್ಲ. ಒಂದಷ್ಟು ನಷ್ಟ ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗದ್ದರಿಂದ. ಇನ್ನೊಂದಷ್ಟು, ‘ಹೇಗೂ ಅವನು ಎಳೀತಾನೆ’ ಅನ್ನುವುದರಿಂದ. ದೇವಾಸುರರನ್ನು ಯಾರೂ ಅಳೆಯಲಿಲ್ಲ.

ಹಾಗಾದರೆ ಮೀಟಿಂಗಿನಲ್ಲಿಯೂ ಸೋಮಾರಿತನವೇ ಕಾರಣವೇ? ಅಥವಾ ಸಂಕೋಚವೇ? ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ. ನನಗೆ ಅದು ಅಚ್ಚುಮೆಚ್ಚು. ನಾಲ್ವರನ್ನು ನಾಲ್ಕು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದರು. ಎದುರಿಗೆ ಟ್ರಾಫಿಕ್ ಸಿಗ್ನಲ್ ತರಹದ ದೀಪಗಳು. ಬೇರೆ ಕೋಣೆಯಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಕೆಂಪು. ಕೆಂಪು ಇಲ್ಲದಾಗ ಮಾತ್ರ ನೀವು ಮಾತಾಡಬೇಕು. ಕೆಲವರಿಗಂತೂ ಬೇರೆಯವರ ಮಾತು ಕೇಳಿಸುತ್ತಲೇ ಇರಲಿಲ್ಲ. ಅಲ್ಲಿಗೆ ಎದುರಿಗೆ ಯಾರೂ ಇಲ್ಲ, ನಗುವವರಿಲ್ಲ, ಹುಬ್ಬು ಏರಿಸುವ ಬಾಸೂ ಇಲ್ಲ. ಇರುವುದು ಸರದಿ ಕಾಯುವುದೊಂದೇ. ಅಷ್ಟಕ್ಕೇ ಐಡಿಯಾಗಳು ಅರ್ಧಕ್ಕಿಂತ ಕಡಿಮೆಯಾದವು. ದೀಪವನ್ನು ಲೆಕ್ಕಿಸದೆ ಬೇಕಾದಾಗ ಮಾತಾಡಿ ಎಂದು ಬಿಟ್ಟವರು, ಪೂರಾ ಒಂಟಿಯಾಗಿ ಕೂತವರಷ್ಟೇ ಸಲೀಸಾಗಿ ಹೇಳುತ್ತಾ ಹೋದರು.

ಅಂದರೆ ಕಳ್ಳ ಸಿಕ್ಕಿದ. ಅವನ ಹೆಸರು ‘ಸರದಿ’.

ಬೀದಿ ನಲ್ಲಿ ಒಂದೇ, ಕೊಡ ಹತ್ತು. ನೀರಿಗೇನೋ ಕೊಡ ಇದೆ, ಕಾಯುತ್ತದೆ. ಐಡಿಯಾಗೆ ಕೊಡ ಇಲ್ಲ, ಬೊಗಸೆ ಮಾತ್ರ. ಬೊಗಸೆಯಲ್ಲಿ ನೀರು ಹಿಡಿದು ನಿಂತವನು ಇನ್ನೊಂದು ಬೊಗಸೆ ತುಂಬುವುದು ಹೇಗೆ? ಇದೂ ಸಾಲದಿದ್ದರೆ ಅಜ್ಜಿ ಹೇಳುತ್ತಿದ್ದ ಕಥೆ ನೆನಪು ಮಾಡಿಕೊಳ್ಳಿ. ಅತ್ತೆಮನೆಯಲ್ಲಿ ಕಡುಬು ತಿಂದ ಅಳಿಯ, ಹೆಸರು ಮರೆಯಬಾರದೆಂದು ದಾರಿಯುದ್ದಕ್ಕೂ ‘ಕಡುಬು, ಕಡುಬು’ ಎನ್ನುತ್ತಾ ಬರುತ್ತಾನೆ. ನಡುವೆ ಒಂದು ಕಾಲುವೆ. ‘ಹುಪ್ಪಾ’ ಎಂದು ಹಾರುತ್ತಾನೆ. ಆಚೆ ದಡದಿಂದ ಮನೆಯವರೆಗೆ ‘ಹುಪ್ಪಾ, ಹುಪ್ಪಾ’. ಹೆಂಡತಿಗೆ ಹುಪ್ಪಾ ಮಾಡಲು ಬರದೆ ಏಟು ತಿನ್ನುವುದು ಕಥೆಯ ಮುಂದಿನ ಭಾಗ, ಅದು ನನಗೆಂದೂ ಹಿಡಿಸಿಲ್ಲ. ಆದರೆ ಅಳಿಯನ ತಲೆಯೊಳಗೆ ನಡೆದದ್ದು ಅಪ್ಪಟ ವಿಜ್ಞಾನ. ಕ್ಷಣಕಾಲದ ನೆನಪಿನಲ್ಲಿ ಹಿಡಿಸುವುದು ಕೆಲವೇ ಸಂಗತಿ. ಹೊಳೆದದ್ದನ್ನು ಮರೆಯದಂತೆ ಜಪಿಸುತ್ತಿದ್ದರೆ ಹೊಸದು ಹುಟ್ಟಲು ಜಾಗವಿಲ್ಲ. ಇನ್ನೊಬ್ಬರ ಮಾತಿಗೆ ಕಿವಿಗೊಟ್ಟರೆ ಜಪ ತಪ್ಪುತ್ತದೆ. ಮೀಟಿಂಗಿನಲ್ಲಿ ಪಕ್ಕದವರ ಪ್ರತಿಯೊಂದು ವಾಕ್ಯವೂ ಒಂದೊಂದು ಕಾಲುವೆ.

ಒಬ್ಬರೇ ಕೂತು ಪೆನ್ನು ಹಿಡಿದರೆ ಜಪವೇ ಬೇಡ, ಕಾಗದ ನೆನಪಿಟ್ಟುಕೊಳ್ಳುತ್ತದೆ. ಆದರೆ ಒಂಟಿಯಾಗಿ ಕೂತವರಿಗೆ ಬೇರೆ ಒಂದು ರೋಗ ಇದೆ: ಬೇಗ ಏಳುವುದು.

ಮೊನ್ನೆ ಹೈಸ್ಕೂಲಿನಲ್ಲಿ ಓದುವ ತಂಗಿಯ ಮಗಳಿಗೆ ಇಟ್ಟಿಗೆಯಿಂದ ಏನೇನು ಮಾಡಬಹುದು ಬರಿ ಎಂದೆ. ಇದು ಮನೋವಿಜ್ಞಾನಿ ಗಿಲ್ಫರ್ಡ್ ಕಾಲದ ಹಳೆಯ ಪರೀಕ್ಷೆ. ಗೋಡೆ, ಒಲೆ, ಕಾಂಪೌಂಡು, ಮೆಟ್ಟಿಲು ಎಂದು ಒಂದೇ ಉಸಿರಿಗೆ ಬರೆದಳು. ಆಮೇಲೆ ಕ್ರಿಕೆಟ್‌ಗೆ ವಿಕೆಟ್, ಬಾಗಿಲು ಬಡಿಯದಂತೆ ಅಡ್ಡ. ಅಲ್ಲಿಗೆ ನಿಂತಿತು. ‘ಮುಗೀತು ಮಾಮಾ’ ಅಂದಳು. ಇನ್ನೂ ಹತ್ತು ನಿಮಿಷ ಇದೆ, ಕೂತಿರು ಎಂದೆ. ಪೆನ್ನಿನ ಮುಚ್ಚಳ ಕಚ್ಚಿದಳು, ಫ್ಯಾನ್ ನೋಡಿದಳು. ನಂತರ ನಿಧಾನವಾಗಿ ಬಂದವು: ಪುಡಿ ಮಾಡಿ ರಂಗೋಲಿಗೆ ಬಣ್ಣ, ಅಜ್ಜಿಯ ಉಪ್ಪಿನಕಾಯಿ ಮಾವು ತೇಲದಂತೆ ಜಾಡಿಯೊಳಗಿನ ತಟ್ಟೆಯ ಮೇಲೆ ಭಾರ, ಬಿಸಿ ಮಾಡಿ ಬಟ್ಟೆ ಸುತ್ತಿ ಸೊಂಟಕ್ಕೆ ಶಾಖ, ಫ್ಲಶ್ ಟ್ಯಾಂಕಿನೊಳಗಿಟ್ಟರೆ ಪ್ರತಿ ಸಲ ಒಂದಿಟ್ಟಿಗೆಯಷ್ಟು ನೀರು ಉಳಿತಾಯ.

ಮೊದಲ ಆರು ನೆನಪಿನ ಮೇಲ್ಪದರದ ಕೆನೆ. ಯಾರ ತಲೆ ಅಲುಗಿಸಿದರೂ ಅವೇ ಬೀಳುತ್ತವೆ. ಐಡಿಯಾಗಳು ತಡವಾಗಿ ಬಂದಷ್ಟೂ ಹೊಸತನ ಹೆಚ್ಚು ಎಂದು 1957ರಲ್ಲಿಯೇ ಗಿಲ್ಫರ್ಡ್ ಮತ್ತು ಸಂಗಡಿಗರು ತೋರಿಸಿದ್ದರು. ಜನ ನಂಬುವುದು ಇದರ ಉಲ್ಟಾ. ಹೊತ್ತು ಹೋದಂತೆ ತಮ್ಮ ಸೃಜನಶೀಲತೆ ಇಳಿಯುತ್ತದೆ ಎಂದೇ ಅವರ ಊಹೆ, ಆದರೆ ಅದು ಇಳಿಯುವುದಿಲ್ಲ ಎಂದು 2020ರಲ್ಲಿ ಬ್ರಯಾನ್ ಲೂಕಸ್ ಮತ್ತು ಲೋರನ್ ನಾರ್ಡ್‌ಗ್ರೆನ್ ಕಂಡರು. ‘ಸರಸ್ವತಿ ಒಲಿಯಲಿಲ್ಲ’ ಎಂದು ಎದ್ದು ಹೋಗುವವರು ಸಾಮಾನ್ಯವಾಗಿ ಏಳನೆಯದಕ್ಕೆ ಸ್ವಲ್ಪ ಮೊದಲು ಏಳುತ್ತಾರೆ.

ಬಂದದ್ದನ್ನು ಜರಡಿ ಹಿಡಿಯಲು, ಲೋಪ ಹುಡುಕಲು ನಾಲ್ಕು ಜನ ಬೇಕೇ ಬೇಕು. ಮೊದಲ ಸುತ್ತಿಗೆ ಬೇಡ, ಅಷ್ಟೇ. ಎಲ್ಲರೂ ಒಂದೇ ಕೋಣೆಯಲ್ಲಿರಬೇಕು ಎಂಬ ಹಟ ಇದ್ದರೆ ಅದಕ್ಕೂ ದಾರಿ ಉಂಟು. 1968ರಲ್ಲಿ ಜರ್ಮನಿಯ ಬರ್ಂಡ್ ರೋರ್‌ಬಾಖ್ ಸೂಚಿಸಿದ ವಿಧಾನದಲ್ಲಿ ಆರು ಜನ ಕೂತು, ಐದು ನಿಮಿಷದಲ್ಲಿ ತಲಾ ಮೂರು ಐಡಿಯಾ ಬರೆದು ಹಾಳೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹೀಗೆ ಆರು ಸುತ್ತು. ಅರ್ಧ ಗಂಟೆಗೆ 108 ಐಡಿಯಾ, ಒಂದು ಮಾತೂ ಇಲ್ಲ. ನಮ್ಮ ಬಡಾವಣೆಯ ಕಸದ ಸಮಸ್ಯೆಗೆ ಒಮ್ಮೆ ಇದನ್ನೇ ಮಾಡಿಸಿದೆ. ಚಹಾ ತಂದ ಹುಡುಗ ಬಾಗಿಲಲ್ಲೇ ನಿಂತು, ತಲೆ ತಗ್ಗಿಸಿ ಬರೆಯುತ್ತಿದ್ದ ಆರು ಹಿರಿಯರನ್ನು ನೋಡಿ ಪಿಸುಗುಟ್ಟಿದ: ‘ಸಾರ್, ಪರೀಕ್ಷೆ ಮುಗಿದ ಮೇಲೆ ಬರ್ಲಾ?’